ಮೂವತ್ತಾರು ಅಂಗುಲದ ಫ್ರಾಕು

ಶನಿವಾರಸಂತೆಯ ಸರ್ವೆ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅಳತೆ ಸರಪಳಿ ಹಿಡಿಯುತ್ತಿದ್ದ ಕರಿಬಸಪ್ಪನಿಗೆ ಈ ಲೋಕದಲ್ಲಿ ಅನುಮಾನವಿಲ್ಲದೆ ಗೊತ್ತಿದ್ದುದು ಒಂದೇ ವಿಷಯ. ಸರಪಳಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಎಷ್ಟು ಬಿಗಿ ಎಂದರೆ, ಅದರ ಮೇಲೆ ಕಾಗೆ ಕೂತರೂ ಬಾಗಬಾರದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಆಫೀಸಿನ ಬೋರ್ಡು ಬದಲಾಗಿತ್ತು, ಅರ್ಜಿಯ ನಮೂನೆಗಳು ಬದಲಾಗಿದ್ದವು, ಸಾಹೇಬರು ಎರಡು ಸಲ ಬದಲಾಗಿದ್ದರು. ಬದಲಾಗದೆ ಉಳಿದಿದ್ದು ಸರಪಳಿ ಮತ್ತು ಅದರ ತುದಿಗಿದ್ದ ಕರಿಬಸಪ್ಪ.

ಸಂತೆಮಾಳದ ಹಿಂದಿನ ಬಾಡಿಗೆ ಮನೆಯಲ್ಲಿ ಅವನೊಬ್ಬನೇ ಇದ್ದ. ಹೆಂಡತಿ ಶಕುಂತಲಮ್ಮ ತೀರಿಕೊಂಡು ಎರಡು ವರ್ಷ. ಮಕ್ಕಳಿಲ್ಲ. ಅವಳು ಇದ್ದಾಗ ಆ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಹೊಲಿಗೆ ಮಿಷನ್ನು ಕಟಕಟ ಎನ್ನುತ್ತಿತ್ತು, ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಇರುತ್ತಿದ್ದವು. ದೂರದ ಹಳ್ಳಿಯ ಹೆಂಗಸರು ಸಂತೆಗೆ ಬರುವವರ ಕೈಯಲ್ಲಿ ರವಿಕೆ ಬಟ್ಟೆಯ ಜೊತೆಗೆ ಒಂದು ದಾರ ಕಳಿಸುತ್ತಿದ್ದರು. ಆ ದಾರದಲ್ಲಿ ಮೂರು ಗಂಟು. ಮೊದಲ ಗಂಟಿನವರೆಗೆ ಎದೆ, ಎರಡನೆಯದರವರೆಗೆ ಸೊಂಟ, ಮೂರನೆಯದರವರೆಗೆ ತೋಳು. ಹೆಂಗಸಿನ ಮುಖವನ್ನೇ ನೋಡದೆ ಶಕುಂತಲಮ್ಮ ಆ ದಾರ ಹಿಡಿದು ರವಿಕೆ ಹೊಲಿದು ಕಳಿಸುತ್ತಿದ್ದಳು. ಒಂದೂ ತಿರುಗಿ ಬಂದದ್ದಿಲ್ಲ. ಈಗ ದಾರವೂ ಬರುವುದಿಲ್ಲ, ಚಪ್ಪಲಿಯೂ ಇಲ್ಲ. ಮಿಷನ್ನಿನ ಮೇಲೆ ಹಳೆಯ ಪಂಚೆಯೊಂದನ್ನು ಹೊದಿಸಿ, ಕರಿಬಸಪ್ಪ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಕೈಯಲ್ಲೇ ಅದಕ್ಕೂ ಮೂರು ಬೆರಳು ಎಳೆಯುತ್ತಿದ್ದ.

ಹೀಗಿರುವಾಗ ಯುಗಾದಿಗೆ ಮುಂಚೆ ಅರಸೀಕೆರೆಯಿಂದ ನಾದಿನಿ ಕಾಂತಮ್ಮನ ಕಾಗದ ಬಂತು. ಅವಳ ಗಂಡನಿಗೆ ರೈಲ್ವೆಯಲ್ಲಿ ಕೆಲಸ. "ಭಾವ, ಅಕ್ಕನ ಮಿಷನ್ನು ಅಲ್ಲಿ ಸುಮ್ಮನೆ ತುಕ್ಕು ಹಿಡಿಯುತ್ತಿದೆ. ರಜಕ್ಕೆ ಬಂದಾಗ ತೆಗೆದುಕೊಂಡು ಬರುತ್ತೇವೆ. ನಿಮಗೆ ಅದರಿಂದ ಏನಾಗಬೇಕಾಗಿದೆ?"

ಕರಿಬಸಪ್ಪ ಕಾಗದವನ್ನು ಎರಡು ಸಲ ಓದಿದ. ಕೂಡಲೇ ಕೂತು ಉತ್ತರ ಬರೆದ. "ಮಿಷನ್ನು ಸುಮ್ಮನೆ ಇಲ್ಲ. ನಾನೇ ದಿನವೂ ಹೊಲಿಯುತ್ತೇನೆ. ಇಂಥದ್ದೇ ಎಂದಿಲ್ಲ, ಎಲ್ಲವನ್ನೂ." ಇದನ್ನು ಬರೆಯುವಾಗ ಅವನ ಅಂಗಿಯಲ್ಲಿ ಎರಡು ಗುಂಡಿ ಇರಲಿಲ್ಲ. ಆ ಜಾಗಕ್ಕೆ ಸರ್ವೆ ಆಫೀಸಿನ ಗುಂಡುಸೂಜಿ ಚುಚ್ಚಿಕೊಂಡಿದ್ದ.

ಹತ್ತು ದಿನಕ್ಕೆ ಕಾಂತಮ್ಮನ ಉತ್ತರ ಬಂತು. "ಬಹಳ ಸಂತೋಷ ಭಾವ. ಇಲ್ಲಿ ಬಿಸಿಲು ತಡೆಯಲಾಗುತ್ತಿಲ್ಲ. ಪಕ್ಕದ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಡ್ರೈವರನ ಮಗಳು ಒಂದು ತೆಳು ಫ್ರಾಕು ಹಾಕುತ್ತಾಳೆ. ತೋಳಿಲ್ಲ, ಗುಂಡಿಯಿಲ್ಲ. ಎದೆಯ ಮೇಲೆ ಎಂಟು ಸಾಲು ನೆರಿಗೆ, ಭುಜಕ್ಕೆ ಎರಡು ಪಟ್ಟಿ, ಅಷ್ಟೆ. ನಮ್ಮ ಯಮುನ ಅಂಥದ್ದೇ ಬೇಕೆಂದು ಹಟ ಹಿಡಿದಿದ್ದಾಳೆ. ಬಟ್ಟೆ ಎದೆಯ ಸುತ್ತಳತೆಯ ಎರಡರಷ್ಟು ಇರಬೇಕಂತೆ. ಹೊಲಿಗೆ ಬಲ್ಲವರಿಗೆ ಒಂದು ಸಂಜೆಯ ಕೆಲಸ. ದಾರ ಇದರೊಳಗೆ ಇಟ್ಟಿದ್ದೇನೆ. ಬಸವ ಜಯಂತಿ ಆದ ಭಾನುವಾರ ಬರುತ್ತೇವೆ. ಆಗದಿದ್ದರೆ ಸಂಕೋಚ ಬೇಡ, ನಮ್ಮವರು ಹಗ್ಗ ತರುತ್ತಾರೆ, ಮಿಷನ್ನನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಹೋಗುತ್ತೇವೆ."

ಲಕೋಟೆಯೊಳಗೆ ಒಂದು ಬೂದು ಬಣ್ಣದ ದಾರ ಸುರುಳಿ ಸುತ್ತಿ ಕೂತಿತ್ತು. ಒಳಗೆ ರಬ್ಬರು, ಹೊರಗೆ ನೂಲು. ಕಾಂತಮ್ಮ ಕಳಿಸಿದ್ದು ಮಾದರಿ. ಇಂಥ ದಾರವನ್ನು ಕೆಳಗಿನ ಬಾಬಿನ್ನಿಗೆ ಸುತ್ತಿ ಹೊಲಿದರೆ ಬಟ್ಟೆ ತಾನಾಗಿ ಮುದುಡಿ ನೆರಿಗೆಯಾಗುತ್ತದೆ. ದಿನವೂ ಹೊಲಿಯುವ ಭಾವನಿಗೆ ಇಷ್ಟನ್ನೂ ಬರೆದರೆ ಅವಮಾನ ಮಾಡಿದ ಹಾಗಾದೀತೆಂದು ಅವಳು ಬರೆಯಲಿಲ್ಲ. ಕರಿಬಸಪ್ಪನಿಗೋ, ತನ್ನ ಮನೆಗೆ ಕಾಗದದಲ್ಲಿ ಸುತ್ತಿ ಬರುವ ದಾರವೆಂದರೆ ಅದು ಅಳತೆ, ಇನ್ನೇನೂ ಅಲ್ಲ. ಗಂಟಿಲ್ಲದ್ದನ್ನು ನೋಡಿ, ಎದೆಯ ಅಳತೆ ಒಂದನ್ನೇ ಕಳಿಸಿದ್ದಾಳೆ, ಸರಿ, ಎಂದುಕೊಂಡ.

ಮೇಜಿನ ಮೇಲೆ ಇಟ್ಟು ಅಳೆದ. ಹದಿನಾರು ಅಂಗುಲ. ಎಂಟು ವರ್ಷದ ಹುಡುಗಿಗೆ ಹದಿನಾರು ಅಂಗುಲದ ಎದೆಯೆ? ಆಗ ತನ್ನ ತಪ್ಪು ಹೊಳೆದು ಅವನಿಗೆ ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷದ ಸರ್ವಿಸ್ಸಿನ ಮನುಷ್ಯ ದಾರವನ್ನು ಸಡಿಲ ಬಿಟ್ಟು ಅಳೆಯುವುದೆ? ಆದರೆ ಬಿಗಿಯಾಗಿ ಹಿಡಿಯಲು ಎರಡು ತುದಿಗೆ ಇಬ್ಬರು ಬೇಕು. ಮನೆಯಲ್ಲಿ ಇದ್ದವನು ಒಬ್ಬ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಎಳೆಯುತ್ತಾ, ಅಭ್ಯಾಸಬಲದಿಂದ "ಬಿಗೀ!" ಎಂದು ಕೂಗಿದ.

"ಯಾರನ್ನ ಬಿಗೀತಿದೀರಿ ಕರಿಬಸಪ್ನೋರೆ?" ಎಂದು ಬೇಲಿಯ ಆಚೆಯಿಂದ ಗಂಗಮ್ಮನ ದನಿ ಬಂತು. ಗಂಗಮ್ಮ ಅರವತ್ತು ದಾಟಿದ ವಿಧವೆ. ಹೋದ ವರ್ಷ ಪಕ್ಕದ ಮನೆಗೆ ಬಂದವಳು. ಬಸ್ಸಿನ ಕಂಡಕ್ಟರಾಗಿದ್ದ ಮಗ ವಾರಕ್ಕೊಂದು ದಿನ ಮನೆಯಲ್ಲಿದ್ದರೆ ಹೆಚ್ಚು.

"ಅಳತೆ ಕಣಮ್ಮ. ಒಂದು ಗಳಿಗೆ ಬಂದು ಈ ತುದಿ ಹಿಡ್ಕೊಳಿ. ಏನಾದ್ರೂ ಆಗ್ಲಿ, ಬಿಡಬೇಡಿ."

ಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಡಿದಳು. ಕರಿಬಸಪ್ಪ ಹಿಂದೆ ಹಿಂದೆ ಹೋದ. ದಾರವೂ ಹಿಂದೆ ಹಿಂದೆ ಬಂತು.

"ಇದೇನ್ರೀ, ಬತ್ತಾನೇ ಐತೆ!"

"ಬಿಗಿಯಾಗೋ ತನಕ ಹೋಗೋದು ನಮ್ಮ ರೂಲು. ಈಗ ಬಿಗಿ ಬಂತು. ಅಲ್ಲಾಡಬೇಡಿ. ಮೂವತ್ತಾರು!"

ಆ ಹೊತ್ತಿಗೆ ಗಂಗಮ್ಮನಿಗೆ ಸೀನು ಬಂತು. ದಾರ ಹಾರಿ ಬಂದು ಕರಿಬಸಪ್ಪನ ಮೂಗಿಗೆ ಫಟ್ಟನೆ ಹೊಡೆಯಿತು. ಅವನು ಮೂಗು ಒತ್ತಿಕೊಂಡೇ ಪುಸ್ತಕದಲ್ಲಿ ಬರೆದುಕೊಂಡ: ಎದೆ, ಮೂವತ್ತಾರು ಅಂಗುಲ.

"ಯಾರ ಅಳತೆ?"

"ಬರೋ ಹುಡುಗಿದು. ಅರಸೀಕೆರೆಯಿಂದ ಬರ್ತಾಳೆ."

ಗಂಗಮ್ಮ ತನ್ನ ಮೈಯನ್ನೊಮ್ಮೆ ನೋಡಿಕೊಂಡಳು. "ನಂಗಿಂತ ಎರಡು ಅಂಗುಲ ಜಾಸ್ತಿ," ಎಂದಳು. ಕರಿಬಸಪ್ಪನಿಗೂ ಸ್ವಲ್ಪ ಆಶ್ಚರ್ಯವಾಗಿತ್ತು. ಆದರೆ ಮಗುವನ್ನು ಅವನು ನೋಡಿ ಎರಡು ವರ್ಷ. ಅರಸೀಕೆರೆಯಲ್ಲಿ ತೆಂಗಿನಕಾಯಿಗೆ ಬರವಿಲ್ಲ. ಅಳತೆ ಬಂದ ಮೇಲೆ ಕಣ್ಣಿನ ಮಾತು ಕೇಳಬಾರದು.

ಶನಿವಾರ ಸಂತೆಯಲ್ಲಿ ಮಲ್ಲಪ್ಪನ ಜವಳಿ ಅಂಗಡಿ ತುಂಬಿತ್ತು. ಅಲ್ಲಿ ಬಟ್ಟೆ ಕೊಳ್ಳುವವರು ಹತ್ತು ಜನ, ಮಾತು ಕೇಳುವವರು ಇಪ್ಪತ್ತು ಜನ.

"ಹೆಂಗಸರ ಬಟ್ಟೆಯಾ?" ಮಲ್ಲಪ್ಪ ಕನ್ನಡಕ ಹಣೆಗೇರಿಸಿದ. "ಯಾರಿಗೆ ಕರಿಬಸಪ್ಪ?"

"ಒಬ್ಬಳು ಹುಡುಗಿಗೆ. ಅರಸೀಕೆರೆ ರೈಲ್ವೆ ಕಾಲೊನಿಯೋಳು."

"ಸೀರೆ ತೋರಿಸ್ಲಾ?"

"ಸೀರೆ ಎಲ್ಲಿ ಉಡ್ತಾಳೆ? ಫ್ರಾಕೇ ಹಾಕೋದು. ಎದೆ ಮೂವತ್ತಾರು. ಎರಡರಷ್ಟು ಅಂದ್ರೆ ಎಪ್ಪತ್ತೆರಡು. ಎರಡು ಗಜ ಕೊಡಿ, ಹೂವಿಂದು. ತೆಳುವಾಗಿರಲಿ, ಅವಳಿಗೆ ಸೆಕೆ ತಡೆಯಲ್ಲ."

ಮಲ್ಲಪ್ಪನ ಕೈಯಲ್ಲಿದ್ದ ಗಜಕೋಲು ನಿಂತಿತು. ಮೂವತ್ತಾರು ಅಂಗುಲದ ಹೆಂಗಸು. ರೈಲ್ವೆ ಕಾಲೊನಿ. ಸೀರೆ ಉಡುವುದಿಲ್ಲ, ಫ್ರಾಕು. ಸೆಕೆ ತಡೆಯುವುದಿಲ್ಲ. ಎಸ್ಟೇಟಿನ ಬಿಳಿ ದೊರೆಗಳ ಹೆಂಡಂದಿರನ್ನು ಬಿಟ್ಟರೆ ಫ್ರಾಕು ಹಾಕಿದ ದೊಡ್ಡ ಹೆಂಗಸನ್ನು ಶನಿವಾರಸಂತೆ ಕಂಡಿರಲಿಲ್ಲ. ಕರಿಬಸಪ್ಪ ಕೆಂಪು ಹೂವಿನ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಣಸಿನಕಾಯಿ ಸಾಲು ದಾಟುವಷ್ಟರಲ್ಲಿ ಸುದ್ದಿ ದನದ ಸಂತೆ ಮುಟ್ಟಿತ್ತು. ಕರಿಬಸಪ್ಪ ಎರಡನೇ ಮದುವೆ ಆಗ್ತಾನಂತೆ. ಹೆಣ್ಣು ದೊರೆಸಾನಿಯಂತೆ.

ನಮ್ಮ ಕಡೆ ಹೆಂಡತಿ ಸತ್ತವನ ಎರಡನೇ ಮದುವೆಯ ಮಾತನ್ನು ಗಂಡಿನ ಎದುರಿಗೆ ನೇರವಾಗಿ ಎತ್ತುವ ಪದ್ಧತಿಯಿಲ್ಲ. ಹೋದವಳ ನೆನಪಿಗೆ ಅದು ಮರ್ಯಾದೆಯಲ್ಲ. ಒಂದು ಪಾತ್ರೆಯಲ್ಲಿ ಏನಾದರೂ ಮಾಡಿ ತಂದು, ಕೂತು, ಸುತ್ತಿ ಬಳಸಿ ಕೇಳಬೇಕು. ಎರಡು ವರ್ಷದಿಂದ ಹೆಚ್ಚು ಯಾರೂ ತುಳಿಯದ ಆ ಹೊಸ್ತಿಲನ್ನು ಭಾನುವಾರದಿಂದ ಜನ ತುಳಿಯತೊಡಗಿದರು.

ಮೊದಲು ಬಂದವಳು ಗಂಗಮ್ಮ, ಹಿತ್ತಾಳೆ ತಪ್ಪಲೆಯಲ್ಲಿ ಕಡುಬು ತುಂಬಿಕೊಂಡು. ಹಿಂದೆಯೇ ಮಲ್ಲಪ್ಪನ ಹೆಂಡತಿ ಸ್ಟೀಲಿನ ಡಬ್ಬಿಯಲ್ಲಿ ಹೋಳಿಗೆ. ಆಮೇಲೆ ಯಾರು ಯಾರೋ. ಕರಿಬಸಪ್ಪ ಚಾಪೆ ಹಾಸಿ ಹಾಸಿ ಸುಸ್ತಾದ. ಒಂದು ಫ್ರಾಕಿಗೆ ಊರು ಇಷ್ಟು ಆಸಕ್ತಿ ತೋರಿಸುವುದು ಅವನಿಗೆ ವಿಚಿತ್ರವೆನಿಸಿದರೂ, ಶಕುಂತಲಮ್ಮನ ಹೊಲಿಗೆಯ ಹೆಸರು ಇನ್ನೂ ಹೋಗಿಲ್ಲ ಎಂದು ಸಮಾಧಾನ ಮಾಡಿಕೊಂಡ.

"ಬರೋರು ನಮ್ಮ ರೊಟ್ಟಿ ಗಿಟ್ಟಿ ತಿಂತಾರಾ?" ಗಂಗಮ್ಮ ಕೇಳಿದಳು.

"ಎಲ್ಲಾ ತಿಂತಾಳೆ. ಆದ್ರೆ ಬಿಸ್ಕತ್ತು ಅಂದ್ರೆ ಪ್ರಾಣ."

ಹೆಂಗಸರು ಮುಖ ಮುಖ ನೋಡಿಕೊಂಡರು. ಬಿಸ್ಕತ್ತು!

"ಕನ್ನಡ ಬರುತ್ತಾ?"

"ಇದೇನು ಹಿಂಗೆ ಕೇಳ್ತೀರಿ? ಚೆನ್ನಾಗಿ ಬರುತ್ತೆ. ಇಂಗ್ಲಿಷ್ ಪದ್ಯಾನೂ ಹೇಳ್ತಾಳೆ."

"ಓದು?"

"ಮೂರನೇ ಕ್ಲಾಸು ಪಾಸಾಗಿದೆ."

"ಸಾಕು ಬಿಡಿ," ಎಂದಳು ಮಲ್ಲಪ್ಪನ ಹೆಂಡತಿ. "ಅವರ ಮೂರನೇ ಕ್ಲಾಸು ನಮ್ಮೋರ ಎಸೆಸೆಲ್ಸಿಗೆ ಸಮ."

"ಬಂದು ಎಷ್ಟು ದಿನ ಇರ್ತಾರೆ?" ಗಂಗಮ್ಮ ಮೆಲ್ಲಗೆ ಕೇಳಿದಳು.

ಕರಿಬಸಪ್ಪ ಚಾಪೆಯ ತುದಿ ಸರಿಮಾಡಿದ. "ಇದ್ರೆ ಎಷ್ಟು ದಿನ ಬೇಕಾದ್ರೂ ಇರಲಿ. ನಂಗೇನು ಭಾರಾನಾ? ಆದ್ರೆ ಅವರಪ್ಪ ಬಿಡಲ್ಲ, ಎರಡು ದಿನಕ್ಕೇ ಕರ್ಕೊಂಡು ಹೋಗ್ತಾನೆ."

"ಅಯ್ಯೋ," ಎಂದು ಗಂಗಮ್ಮ ಕಣ್ಣೊರೆಸಿಕೊಂಡಳು.

ಆಫೀಸಿನಲ್ಲಿ ಮೂರು ದಿನದ ರಜೆ ಕೇಳಿದಾಗ ಹೆಡ್ ಗುಮಾಸ್ತ ಪೊನ್ನಪ್ಪ ಲೇಖನಿ ಕೆಳಗಿಟ್ಟು, ಎದ್ದು ಬಂದು, ಕೈ ಕುಲುಕಿದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಕರಿಬಸಪ್ಪನ ಕೈ ಮುಟ್ಟಿದ್ದು ಅದೇ ಮೊದಲು.

"ಮೂರು ದಿನ ಸಾಕಾ?"

"ಎರಡೇ ದಿನದ ಕೆಲಸ ಸಾರ್. ಒಂದು ದಿನ ಕೈ ತಪ್ಪಿದ್ರೆ ಬಿಚ್ಚೋಕೆ."

ಪೊನ್ನಪ್ಪ ಕೆಮ್ಮಿ, ಬಾಗಿಲ ಕಡೆ ನೋಡಿದ. "ಹಾಗೆಲ್ಲ ಆಫೀಸಿನಲ್ಲಿ ಮಾತಾಡಬಾರದು ಕರಿಬಸಪ್ಪ. ಇರಲಿ. ಹೊಸ ರಾಜ್ಯ ಆದ ಮೇಲೆ ಇದಕ್ಕೂ ಒಂದು ನಮೂನೆ ಬಂದಿದೆ. ಬಂದ ಮೇಲೆ ತುಂಬಿದರಾಯಿತು. ಬಸ್‌ಸ್ಟ್ಯಾಂಡಿಗೆ ನಾನೇ ಬರ್ತೇನೆ. ಅವರ ಹತ್ರ ಎರಡು ಮಾತು ಇಂಗ್ಲಿಷಿನಲ್ಲಿ ಆಡುವವರು ಇಲ್ಲಿ ಇನ್ಯಾರಿದ್ದಾರೆ?"

ಫ್ರಾಕಿನ ನೆರಿಗೆಗೂ ನಮೂನೆ ಬಂದಿದೆಯೆಂದು ಕೇಳಿ ಕರಿಬಸಪ್ಪನಿಗೆ ಮೈಸೂರು ಸರ್ಕಾರದ ಮೇಲೆ ಗೌರವ ಹೆಚ್ಚಾಯಿತು.

ಗುರುವಾರ ಮಧ್ಯಾಹ್ನ ಅವನು ಮಿಷನ್ನಿನ ಮೇಲಿನ ಪಂಚೆ ತೆಗೆದ. ಸೂಜಿಯ ಕೆಳಗೆ ಒಂದು ನೀಲಿ ರವಿಕೆಯ ತೋಳು ಇನ್ನೂ ಸಿಕ್ಕಿಕೊಂಡೇ ಇತ್ತು, ಅರ್ಧ ಹೊಲಿಗೆಯಾಗಿ. ಅದಕ್ಕೆ ಮೂರು ಗಂಟಿನ ದಾರವೊಂದನ್ನು ಗುಂಡುಸೂಜಿಯಿಂದ ಚುಚ್ಚಿಡಲಾಗಿತ್ತು. ಎರಡು ವರ್ಷದಿಂದ ಅದು ಹಾಗೆಯೇ ಇತ್ತು. ಕರಿಬಸಪ್ಪ ಒಂದು ಲೋಟ ನೀರು ಕುಡಿದು ಬಂದ. ಮಿಷನ್ನಿನ ಪಾದ ಎತ್ತಿ, ಸೂಜಿ ಎತ್ತಿ, ಸೂಜಿಯ ದಾರ ಕತ್ತರಿಸಿ, ತೋಳನ್ನು ಮಡಚಿ ಬಾಬಿನ್ನಿನ ಡಬ್ಬಿಯೊಳಗೆ ಇಟ್ಟ. ಆಮೇಲೆ ಕೆಲಸಕ್ಕೆ ಕೂತ.

ಕೆಲಸವನ್ನು ಸರ್ವೆಯ ಪ್ರಕಾರವೇ ಮಾಡಿದ. ಎಂಟು ಸಾಲಿನ ಎರಡು ತುದಿಗೂ ಗುಂಡುಸೂಜಿ ನೆಟ್ಟು, ಕಾಗದದ ಬಾವುಟ ಕಟ್ಟಿದ. ಎಪ್ಪತ್ತೆರಡು ಅಂಗುಲದ ಬಟ್ಟೆಯನ್ನು ಕೈಸೂಜಿಯಲ್ಲಿ ಪೋಣಿಸಿ ಎಳೆದು ಮೂವತ್ತಾರಕ್ಕೆ ತಂದ. ಅದರ ಮೇಲೆ ಮಿಷನ್ನು ಓಡಿಸಿದ. ಮಿಷನ್ನು ಮೊದಲು ಹಿಂದಕ್ಕೆ ಓಡಿತು, ಆಮೇಲೆ ದಾರ ನುಂಗಿತು, ಆಮೇಲೆ ಅವನ ಅಂಗಿಯ ತುದಿಯನ್ನೂ ಸೇರಿಸಿ ಹೊಲಿಯಿತು. ಶುಕ್ರವಾರವೆಲ್ಲ ಬಿಚ್ಚಿದ. ಶನಿವಾರ ಸಂಜೆಗೆ ಎಂಟು ಸಾಲು ಮುಗಿದವು. ಎಂಟೂ ಸಾಲು ಗಡಿರೇಖೆಯ ಹಾಗೆ ನೇರ. ಹೊರಗೆ ಬೇಲಿಯ ಮೇಲೆ ಒಣಗಿಸಿದಾಗ ಎರಡು ಕೋಳಿ ಅದರೊಳಗೆ ಹೊಕ್ಕು ಆ ಕಡೆಯಿಂದ ಹೊರಬಂದವು.

ಭಾನುವಾರ ಹನ್ನೊಂದು ಗಂಟೆಯ ಬಸ್ಸಿಗೆ ಶನಿವಾರಸಂತೆಯಲ್ಲಿ ಅಷ್ಟು ಜನ ಸೇರಿದ್ದು ಚುನಾವಣೆಯಲ್ಲೂ ಇಲ್ಲ. ಮಲ್ಲಪ್ಪನ ಕೈಯಲ್ಲಿ ಹಾರ. ಪೊನ್ನಪ್ಪ ಕ್ಲೋಸ್ ಕೋಟು ಹಾಕಿ, ತುಟಿಯಲ್ಲೇ ಇಂಗ್ಲಿಷ್ ಅಭ್ಯಾಸ ಮಾಡುತ್ತಿದ್ದ. ಗಂಗಮ್ಮ ದೃಷ್ಟಿ ತೆಗೆಯಲು ಅರಿಸಿನ ಸುಣ್ಣದ ನೀರು ಕಲಸಿ ತಟ್ಟೆ ಹಿಡಿದಿದ್ದಳು. ಬಸ್ಸು ನಿಂತಿತು. ಮೊದಲು ಕಾಂತಮ್ಮನ ಗಂಡ ಇಳಿದ, ಹೆಗಲಲ್ಲಿ ಹಗ್ಗ. ಹಿಂದೆ ಕಾಂತಮ್ಮ.

"ಗುಡ್ ಮಾರ್ನಿಂಗ್ ಮೇಡಂ! ವೆಲ್ಕಂ!" ಎಂದ ಪೊನ್ನಪ್ಪ.

ಕಾಂತಮ್ಮ ಸೆರಗು ಹೊದ್ದುಕೊಂಡು ಹಿಂದೆ ಸರಿದಳು. "ಇವರ್ಯಾರು ಭಾವ?"

"ನಮ್ಮ ಹೆಡ್ ಗುಮಾಸ್ತರು. ಫ್ರಾಕು ನೋಡೋಕೆ ಬಂದಿದಾರೆ."

"ಹೆಣ್ಣೆಲ್ಲಿ?" ಮಲ್ಲಪ್ಪ ಬಸ್ಸಿನೊಳಗೆ ಇಣುಕಿದ.

"ಇದೋ, ಇಳೀತಿದಾಳಲ್ಲ," ಎಂದ ಕರಿಬಸಪ್ಪ.

ಬಸ್ಸಿನ ಮೆಟ್ಟಿಲ ಮೇಲೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಒಂದು ಮಗು ನಿಂತಿತ್ತು. ಎರಡು ಜಡೆ, ಮುಂದಿನ ಹಲ್ಲು ಒಂದಿಲ್ಲ. ಕೈಕಾಲು ಹುರಳೀಕಾಯಿಯಷ್ಟು ದಪ್ಪ.

"ಮೂವತ್ತಾರು?" ಎಂದ ಮಲ್ಲಪ್ಪ. ಕಂಡಕ್ಟರು ಕೂಡ ಸೀಟಿ ಊದುವುದನ್ನು ಮರೆತ. ಆಮೇಲೆ ಮಲ್ಲಪ್ಪನೇ ಕೂಗಾಡಿದ. "ಅಲ್ಲಯ್ಯಾ, ನಾವು ನಿನ್ನ ಮದುವೆ ಹೆಣ್ಣು ಅಂದ್ಕೊಂಡಿದ್ವಲ್ಲೋ!"

"ಯಾರ ಮದುವೆ?" ಎಂದ ಕರಿಬಸಪ್ಪ.

ನಗು ಬಸ್‌ಸ್ಟ್ಯಾಂಡಿನ ತಗಡಿನ ಮಾಡನ್ನು ಅಲ್ಲಾಡಿಸಿತು. ಪೊನ್ನಪ್ಪ ನಗಲಿಲ್ಲ. ಆಡಲು ಉಳಿದ ಇಂಗ್ಲಿಷನ್ನು ನುಂಗಿಕೊಂಡು, ಸರ್ಕಾರಿ ಕೆಲಸವಿದೆ ಎಂದು ಭಾನುವಾರ ಆಫೀಸಿನ ಕಡೆ ನಡೆದ. ಎಲ್ಲರೂ ಸೇರಿ ಸುದ್ದಿಯ ಮೂಲವನ್ನು ಹುಡುಕಿದರು. ಅಳತೆಯ ದಾರ ಹಿಡಿದವಳು ಗಂಗಮ್ಮ ಎಂದು ತೀರ್ಮಾನವಾಯಿತು. "ತುದಿ ಹಿಡಿದ ಸಾಕ್ಷಿ" ಎಂದು ಯಾರೋ ಅವಳಿಗೆ ಹೆಸರಿಟ್ಟರು. ಗಂಗಮ್ಮ ಯಾರ ಮುಖವನ್ನೂ ನೋಡದೆ, ತಟ್ಟೆಯನ್ನು ಆ ಮಗುವಿಗೇ ಎತ್ತಿ, ದೃಷ್ಟಿ ನಿವಾಳಿಸಿ, ನೀರನ್ನು ರಸ್ತೆಗೆ ಚೆಲ್ಲಿ ಮನೆಗೆ ಹೋದಳು. ಹತ್ತು ನಿಮಿಷದಲ್ಲಿ ಅಲ್ಲಿ ಉಳಿದವರು ನಾಲ್ಕೇ ಜನ.

ಮನೆಯಲ್ಲಿ ಯಮುನ ಫ್ರಾಕನ್ನು ತಲೆಯ ಮೇಲಿಂದ ಹಾಕಿಕೊಂಡಳು. ಅದು ನಿಲ್ಲದೆ ನೇರವಾಗಿ ಕಾಲ ಬುಡಕ್ಕೆ ಬಿತ್ತು. "ಅಮ್ಮಾ, ಡೇರೆ!" ಎಂದು ಮಗು ಕುಣಿಯಿತು. ಕಾಂತಮ್ಮ ನಗಲು ಬಾಯಿ ತೆರೆದವಳು ಭಾವನ ಮುಖ ನೋಡಿ ಮುಚ್ಚಿದಳು.

"ಭಾವ, ಆ ದಾರ ಅಳತೆ ಅಲ್ಲ. ಅದರಲ್ಲೇ ಹೊಲೀಬೇಕು."

"ರಬ್ಬರಲ್ಲಿ ಹೊಲಿಯೋದಾ?"

"ರಬ್ಬರಲ್ಲಿ."

ಕಾಂತಮ್ಮನ ಗಂಡ ಒಳ್ಳೆಯ ಮನುಷ್ಯ. ಹೆಚ್ಚು ಮಾತಿನವನಲ್ಲ. ಅವನು ಎದ್ದು ಮಿಷನ್ನಿನ ಉದ್ದಗಲ ನೋಡಿ, ಹಗ್ಗ ಬಿಚ್ಚತೊಡಗಿದ. ಕರಿಬಸಪ್ಪ ಗೋಡೆಗೆ ಒರಗಿ ನಿಂತು, "ಕಾಲಿನ ಕಡೆ ಮೊದಲು ಬಿಗೀರಿ, ಬಸ್ಸಿನ ಮೇಲೆ ಅಲ್ಲಾಡುತ್ತೆ," ಎಂದು ಹೇಳಿಕೊಟ್ಟ.

"ಒಂದು ಗಳಿಗೆ ತಡೀರಿ. ಮಗೂ ಫ್ರಾಕು ಮುಗಿಸ್ತೀನಿ," ಎಂದು ಕಾಂತಮ್ಮ ಚೀಲದಿಂದ ರಬ್ಬರ್ ದಾರದ ಉಂಡೆ ತೆಗೆದಳು. ಖಾಲಿ ಬಾಬಿನ್ನಿಗಾಗಿ ಡಬ್ಬಿ ತೆರೆದಳು. ಮೇಲೆಯೇ ಇತ್ತು ನೀಲಿ ತೋಳು. ಕಾಂತಮ್ಮ ಅದನ್ನು ಎತ್ತಿಕೊಂಡು, ಚುಚ್ಚಿದ್ದ ದಾರ ಬಿಡಿಸಿ, ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಬೆರಳು ಓಡಿಸಿದಳು. ಆ ಗಂಟುಗಳನ್ನು ಹಾಕಿ ಅಂಚೆಗೆ ಕೊಟ್ಟವಳು ಅವಳೇ. ದೀಪಾವಳಿಗೆ ಅಕ್ಕ ಹೊಲಿದು ಕಳಿಸುತ್ತೇನೆಂದಿದ್ದ ರವಿಕೆ ಅದು.

"ಇದು ಎಲ್ಲಿತ್ತು ಭಾವ?"

"ಸೂಜಿ ಕೆಳಗೇ ಇತ್ತು. ಮೊನ್ನೆ ತೆಗೆದೆ. ಫ್ರಾಕು ಹೊಲೀಬೇಕಿತ್ತಲ್ಲ."

ಕಾಂತಮ್ಮ ತೋಳನ್ನು ಮೊದಲಿದ್ದ ಹಾಗೆ ಮಡಚಿ ಡಬ್ಬಿಗೆ ಇಟ್ಟಳು. ಬಾಬಿನ್ನಿಗೆ ರಬ್ಬರ್ ದಾರವನ್ನು ಕೈಯಲ್ಲೇ ಸುತ್ತುತ್ತಾ ಗಂಡನ ಕಡೆ ತಿರುಗದೆ ಹೇಳಿದಳು. "ಆ ಹಗ್ಗ ಸುತ್ತಿ ಇಡಿ. ಬಸ್ಸಿನ ಮೇಲೆ ಜಾಗ ಇರಲ್ಲ."

"ಬರುವಾಗ ಖಾಲಿಯಾಗೇ ಇತ್ತಲ್ಲ."

"ಇರಲ್ಲ ಅಂದೆ."

ಕರಿಬಸಪ್ಪನ ಎಂಟು ಸಾಲನ್ನೂ ಬಿಚ್ಚಿ, ಬಟ್ಟೆಯಲ್ಲಿ ಮೂರನೆಯ ಒಂದು ಪಾಲು ಕತ್ತರಿಸಿ ಪಕ್ಕಕ್ಕಿಟ್ಟು, ಅವಳು ಹೊಲಿಯಲು ಕೂತಳು. "ನೋಡಿ ಭಾವ, ಈ ದಾರಾನ ಎಳೀಬಾರದು. ಸಡಿಲವಾಗಿ ಸುತ್ತಬೇಕು. ಅದೇ ಬಿಗಿ ಹಿಡ್ಕೊಳುತ್ತೆ." ಒಂದೊಂದು ಸಾಲು ಮುಗಿದಂತೆ ಬಟ್ಟೆ ಮುದುಡಿ ಮುದುಡಿ ಮಗುವಿನ ಎದೆಯಷ್ಟಾಯಿತು. ಎರಡು ದಿನ ಆ ಮನೆಯಲ್ಲಿ ಕಟಕಟ ಇತ್ತು, ಬಾಗಿಲಲ್ಲಿ ಚಪ್ಪಲಿ ಇತ್ತು, ಕೆಂಪು ಹೂವಿನ ಫ್ರಾಕೊಂದು ಸಂತೆಮಾಳದಲ್ಲಿ ಓಡಾಡಿತು. ಮೂರನೆಯ ದಿನ ಬಸ್ಸು ಅವರನ್ನು ಕರೆದುಕೊಂಡು ಹೋಯಿತು. ಮಿಷನ್ನು ಉಳಿಯಿತು.

ಪಾತ್ರೆಗಳೂ ಉಳಿದವು. ಏಳು ಮನೆಯ ಏಳು ಪಾತ್ರೆ. ಖಾಲಿ ಪಾತ್ರೆಯನ್ನು ಹಿಂದಕ್ಕೆ ಕೊಡಬಾರದು. ಕೊಡಲು ಅವನ ಅಡುಗೆಮನೆಯಲ್ಲಿ ಏನೂ ಇರಲಿಲ್ಲ. ಆದ್ದರಿಂದ ಕರಿಬಸಪ್ಪ ಉಳಿದ ಬಟ್ಟೆಯನ್ನು ತುಂಡು ಮಾಡಿ, ಉಳಿದ ರಬ್ಬರ್ ದಾರವನ್ನು ಸಡಿಲವಾಗಿ ಸುತ್ತಿ, ಬಾಯಿ ತಾನೇ ಮುಚ್ಚಿಕೊಳ್ಳುವ ಎಲೆ ಅಡಿಕೆಯ ಸಂಚಿಗಳನ್ನು ಹೊಲಿದ. ಏಳು ಸಂಚಿಗೆ ಹನ್ನೊಂದು ದಿನ ಹಿಡಿಯಿತು. ಒಂದೊಂದು ಪಾತ್ರೆಯಲ್ಲಿ ಒಂದೊಂದು ಇಟ್ಟು ಮನೆಮನೆಗೆ ಹೋದ. ಮಲ್ಲಪ್ಪನ ಹೆಂಡತಿ ಬಾಗಿಲ ಸಂದಿಯಿಂದಲೇ ಡಬ್ಬಿ ತೆಗೆದುಕೊಂಡು, "ಚೆನ್ನಾಗೈತೆ," ಎಂದು ಬಾಗಿಲು ಹಾಕಿಕೊಂಡಳು. ಉಳಿದವರೂ ಹೆಚ್ಚು ಕಡಿಮೆ ಅಷ್ಟೇ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಆರು ಪಾತ್ರೆ ಮುಟ್ಟಿಸಿದ. ಪಕ್ಕದ ಮನೆಯದನ್ನು ಮಾತ್ರ ಮುಟ್ಟಿಸಲಿಲ್ಲ. ಗಂಗಮ್ಮ ಬಸ್‌ಸ್ಟ್ಯಾಂಡಿನ ದಿನದಿಂದ ಬೇಲಿಯ ಹತ್ತಿರ ಬಂದಿರಲಿಲ್ಲ. ಕರಿಬಸಪ್ಪ ಸಂಜೆ ಆಫೀಸಿನಿಂದ ಬಂದು, ಕಿಟಕಿಯ ಪಕ್ಕ ಮಿಷನ್ನಿಗೆ ಕೂತು, ಹೊಲಿಯಲು ಏನೂ ಇಲ್ಲದಿದ್ದರೂ ಸ್ವಲ್ಪ ಹೊತ್ತು ತುಳಿಯುತ್ತಿದ್ದ. ಹೀಗೆ ಒಂದು ವಾರ.

ಎಂಟನೆಯ ದಿನ ಬೇಲಿಯ ಹತ್ತಿರ ಕೆಮ್ಮಿದ ಸದ್ದಾಯಿತು. ಆಮೇಲೆ ಕಿಟಕಿಯ ಹೊರಗೆ ಗಂಗಮ್ಮ.

"ಕರಿಬಸಪ್ನೋರೆ, ನಮ್ಮ ಹಿತ್ತಾಳೆ ತಪ್ಪಲೆ ಒಂದು ನಿಮ್ಮನೇಲಿ ಉಳೀತಾ ಅಂತ."

ತಪ್ಪಲೆ ಮಿಷನ್ನಿನ ಮೇಲೆ, ಅವನ ಬಲಗೈ ಪಕ್ಕದಲ್ಲಿತ್ತು. ಹುಣಿಸೆಹಣ್ಣು ಹಾಕಿ ತಿಕ್ಕಿ ಹೊಳೆಯುತ್ತಿತ್ತು. ಒಳಗಿನಿಂದ ಕೆಂಪು ಹೂವಿನ ಸಂಚಿಯ ದಾರ ಇಣುಕುತ್ತಿತ್ತು.

ಕರಿಬಸಪ್ಪ ತುಳಿಯುವುದನ್ನು ನಿಲ್ಲಿಸಿದ. ಅಟ್ಟದ ಕಡೆ ನೋಡಿದ, ಅಡುಗೆಮನೆಯ ಕಡೆ ನೋಡಿದ.

"ಎಲ್ಲೋ ಇಟ್ಟಿದೀನಿ ಕಣಮ್ಮ. ಹುಡುಕಬೇಕು. ನಾಳೆ ಬನ್ನಿ."

ಗಂಗಮ್ಮ ಕಿಟಕಿಯ ಸರಳು ಹಿಡಿದುಕೊಂಡು ತಪ್ಪಲೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅವಸರ ಇಲ್ಲ, ನಿಧಾನಕ್ಕೆ ಹುಡುಕಿ," ಎಂದಳು. "ನಾಳೆ ಬತ್ತೀನಿ."